ಹುಟ್ಟದ ಕರುವಿನ ಋಣ

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಹಾದಿಯ ಆಸುಪಾಸಿನಲ್ಲಿ ಪಶುರೋಗಗಳನ್ನು ಕುರಿತು ಸಂಶೋಧನೆ ನಡೆಸುವ ಸಂಸ್ಥೆಗಳು ಹಲವಿವೆ. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿ ಇಂದು ಪಶು ಆರೋಗ್ಯ ಮತ್ತು ಪಶುವೈದ್ಯ ಜೈವಿಕ ಸಂಸ್ಥೆಯೆನಿಸಿಕೊಂಡಿರುವುದು ಒಂದು. ಪಶುವೈದ್ಯಕೀಯ ಕಾಲೇಜು ಇನ್ನೊಂದು. ಕಾಲುಬಾಯಿ ಜ್ವರದ ಲಸಿಕೆಗೆ ಹೆಸರಾದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರ ಮತ್ತೊಂದು. ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ, ನಿವೇದಿ ಎಂಬ ಚಿಕ್ಕ ಹೆಸರಿನ ರಾಷ್ಟ್ರೀಯ ಪಶುರೋಗ ಸಮೀಕ್ಷಾ ಸಂಸ್ಥೆ ಮಗದೊಂದು. ಈ ಆವರಣಗಳೊಳಗೆ ನಡೆಯುವ ಕಾರ್ಯದ ವಿಷಯದಲ್ಲಿ ಜೈನ ಸಮಾಜದಲ್ಲಿ ಎರಡು ಮಾತುಗಳು ಪ್ರಚಲಿತವಾಗಿವೆ. ಎರಡೂ ತಪ್ಪು.

ಮೊದಲನೆಯದು ಹಿರಿಯರ ಮಾತು: ಪ್ರಯೋಗಶಾಲೆಯೆಂದರೆ ಹಿಂಸಾಸ್ಥಾನ, ಶ್ರಾವಕನು ಅತ್ತ ತಲೆಹಾಕಬಾರದು. ಎರಡನೆಯದು ಓದಿದ ಕಿರಿಯರದು: ಈಗ ಪ್ರಾಣಿಯನ್ನು ಯಾರೂ ಮುಟ್ಟುವುದಿಲ್ಲ, ಎಲ್ಲವೂ ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆಯೇ ನಡೆಯುತ್ತದೆ, ಆದುದರಿಂದ ಅಹಿಂಸೆಗೆ ಭಂಗವಿಲ್ಲ. ಮೊದಲ ಮಾತನ್ನಾಡುವವರು ನೋಡಲೊಲ್ಲರು. ಎರಡನೆಯ ಮಾತನ್ನಾಡುವವರು ಅರ್ಧ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೆಚ್ಚು ಕೆಡುಕು ಎರಡನೆಯದರಿಂದಲೇ, ಏಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಸತ್ಯವಿದೆ.

ಹಿರಿಯರ ಮಾತನ್ನು ಮೊದಲು ಪರಿಶೀಲಿಸಬೇಕು. ಗೋಶಾಲೆಗೆ ಹುಲ್ಲು ಹಿಂಡಿಗಳಿಗಾಗಿ ಉದಾರವಾಗಿ ಕೊಡುವ ಸಮಾಜ ಇದು. ಆ ಗೋಶಾಲೆಯಲ್ಲಿ ಒಂದು ಹಸು ಆರನೆಯದೋ ಏಳನೆಯದೋ ತಿಂಗಳಿನಲ್ಲಿ ಕಂದು ಹಾಕಿತೆಂದರೆ ಅದಕ್ಕೆ ಕಾರಣ ದೃಷ್ಟಿಯಲ್ಲ, ದೈವವಲ್ಲ. ಬಹಳ ಸಲ ಅದು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯ. ರೈತರು ಕಂದುರೋಗವೆಂದು ಕರೆಯುವುದು ಇದನ್ನೇ. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ ಈ ಕುಲದ ಜೀವಿಯನ್ನು ಗುರುತಿಸಿದ. ಹಸುಗಳಲ್ಲಿ ಕಂದು ಹಾಕಿಸುವ ಅದರ ಬಂಧುವನ್ನು 1897ರಲ್ಲಿ ಡೆನ್ಮಾರ್ಕಿನ ಬಾಂಗ್ ಕಂಡುಹಿಡಿದ. ಕಂದು ಹಾಕಿದ ಹಸುವಿನ ಕಸದಲ್ಲಿ, ಸ್ರಾವದಲ್ಲಿ, ಹಾಲಿನಲ್ಲಿ ಈ ರೋಗಾಣು ಇರುತ್ತದೆ. ಬರಿಗೈಯಿಂದ ಕಸ ತೆಗೆಯುವ ಆಳಿಗೆ, ಕಾಯಿಸದ ಹಾಲು ಕುಡಿಯುವ ಭಕ್ತನಿಗೆ ಅಂಟುತ್ತದೆ. ಏರಿಳಿಯುವ ಜ್ವರ, ಕೀಲುನೋವು, ರಾತ್ರಿಯ ಬೆವರು, ತಿಂಗಳುಗಟ್ಟಲೆ ನಿಶ್ಶಕ್ತಿ. ಒಮ್ಮೊಮ್ಮೆ ಇದನ್ನು ಟೈಫಾಯಿಡ್ ಎಂದೋ ಕ್ಷಯವೆಂದೋ ತಪ್ಪಾಗಿ ತಿಳಿಯುವುದೂ ಉಂಟು.

ಇತರ ಎಷ್ಟೋ ದೇಶಗಳಲ್ಲಿ ಇದಕ್ಕೆ ಪರಿಹಾರ ಸರಳ: ರಕ್ತಪರೀಕ್ಷೆ ಮಾಡಿ, ರೋಗವಿದೆಯೆಂದು ಕಂಡ ಹಸುವನ್ನು ಕೊಲ್ಲುತ್ತಾರೆ. ಕರ್ನಾಟಕದ ಗೋಶಾಲೆಯಲ್ಲಿ ಅದು ಸಾಧ್ಯವಿಲ್ಲ, ಆಗಲೂಬಾರದು. ಆ ಹಸು ಬದುಕುತ್ತದೆ, ಬದುಕಿರುವವರೆಗೂ ರೋಗಾಣುವನ್ನು ಹೊರಚೆಲ್ಲುವ ಸಂಭವವಿದೆ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಎಸ್-19 ಲಸಿಕೆ ಹಾಕಲಾಗುತ್ತದೆ. ಆದರೆ ಆ ಲಸಿಕೆಯಿಂದ ಈಗಾಗಲೇ ರೋಗ ತಗಲಿದ ಹಸು ಗುಣವಾಗದು. ಹೀಗಿರುವಾಗ, ಕೊಲ್ಲಲೊಪ್ಪದ ಸಮಾಜಕ್ಕೇ ಈ ರೋಗಾಣುವಿನ ಗುಟ್ಟನ್ನು ತಿಳಿಯುವ ಅಗತ್ಯ ಎಲ್ಲರಿಗಿಂತ ಹೆಚ್ಚು. ಹಸುವನ್ನು ಕೊಲ್ಲುವುದಿಲ್ಲ, ರೋಗವನ್ನು ಅರಿಯುವ ಸಂಶೋಧನೆಯೂ ಬೇಡ ಎನ್ನುವವನ ದಯೆಯ ಬೆಲೆಯನ್ನು ಅವನು ತೆರುವುದಿಲ್ಲ. ಸಗಣಿ ಬಾಚುವ ಆಳು ತೆರುತ್ತಾನೆ.

ಆ ಗುಟ್ಟು ಇರುವುದು ಜೀವಕೋಶದ ಒಳಗೆ. ಸಾಮಾನ್ಯ ರೋಗಾಣುಗಳು ರಕ್ತದಲ್ಲಿ, ಗಾಯದಲ್ಲಿ, ಕೋಶಗಳ ನಡುವಣ ದ್ರವದಲ್ಲಿ ಬೆಳೆಯುತ್ತವೆ. ದೇಹದ ಕಾವಲುಗಾರರಾದ ಭಕ್ಷಕಕೋಶಗಳು ಅವನ್ನು ನುಂಗಿ ಜೀರ್ಣಿಸುತ್ತವೆ. ಬ್ರುಸೆಲ್ಲಾ, ಕ್ಷಯದ ದಂಡಾಣು, ಟೈಫಾಯಿಡಿನ ಸಾಲ್ಮೊನೆಲ್ಲಾ ಮುಂತಾದವು ನುಂಗಿದವನ ಹೊಟ್ಟೆಯಲ್ಲಿಯೇ ಮನೆಮಾಡುತ್ತವೆ. ಕೋಶವು ತನ್ನ ಜೀರ್ಣರಸದ ಚೀಲವನ್ನು ರೋಗಾಣುವಿರುವ ಚೀಲದೊಡನೆ ಕೂಡಿಸಲು ಹೊರಟಾಗ ಬ್ರುಸೆಲ್ಲಾ ಆ ಮಾರ್ಗದಿಂದ ತಪ್ಪಿಸಿಕೊಂಡು, ಕೋಶವು ಪ್ರೋಟೀನುಗಳನ್ನು ತಯಾರಿಸುವ ಕಾರ್ಖಾನೆಯ ಪೊರೆಯನ್ನೇ ಹೊದ್ದುಕೊಂಡು ಅಲ್ಲಿ ವೃದ್ಧಿಯಾಗುತ್ತದೆ. ಕಂದುರೋಗದ ಮನುಷ್ಯ ರೋಗಿಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್‌ಗಳನ್ನು ಜೊತೆಯಾಗಿ ಆರು ವಾರ ಕೊಡುವುದೇಕೆಂದರೆ ಔಷಧವು ಕೋಶದೊಳಗೆ ಹೊಕ್ಕು ಅಡಗಿರುವವನನ್ನು ಹುಡುಕಬೇಕು. (ಆರ್.ಟಿ. ನಗರದ ಔಷಧದಂಗಡಿಯಲ್ಲಿ ಆ ಕ್ಯಾಪ್ಸೂಲಿನ ಹೊರಕವಚ ಜೆಲಟಿನ್ನಿನದೋ ಅಲ್ಲವೋ ಎಂದು ವಿಚಾರಿಸುವ ಶ್ರಾವಕರಿದ್ದಾರೆ; ಸಂತೋಷ. ಒಳಗಿನ ಔಷಧದ ಚರಿತ್ರೆಯನ್ನು ವಿಚಾರಿಸಿದವರು ವಿರಳ.)

ಇಂಥ ರೋಗಾಣುವನ್ನು ಅಗಾರಿನ ತಟ್ಟೆಯಲ್ಲಿ ಬೆಳೆಸಿದರೆ ಅದು ಬದುಕಿದೆಯೆಂದು ತಿಳಿಯುತ್ತದೆಯೇ ಹೊರತು ಹೇಗೆ ಬದುಕುತ್ತದೆಂದು ತಿಳಿಯದು. ಅದಕ್ಕೆ ಮನೆಯೇ ಬೇಕು, ಎಂದರೆ ಜೀವಂತ ಕೋಶ ಬೇಕು. ಹಿಂದೆ ಆ ಮನೆಯೆಂದರೆ ಇಲಿ, ಗಿನಿಯಿಲಿ, ಮೊಲ. ಪ್ರತಿ ಪ್ರಶ್ನೆಗೂ ಒಂದೊಂದು ಗುಂಪು ಪ್ರಾಣಿಗಳಿಗೆ ಸೋಂಕು ತಗಲಿಸಿ, ಎರಡನೆಯ ದಿನ ಕೆಲವನ್ನು, ಏಳನೆಯ ದಿನ ಕೆಲವನ್ನು ಕೊಂದು, ಗುಲ್ಮವನ್ನು ಅರೆದು ರೋಗಾಣುಗಳನ್ನು ಎಣಿಸುತ್ತಿದ್ದರು. ಜೀವಕೋಶ ಕೃಷಿ ಬದಲಾಯಿಸಿದ್ದು ಇದನ್ನು.

ವಿಧಾನ ಸುಲಭವಾಗಿ ತಿಳಿಯುವಂಥದು. ಬಟ್ಟಲಿನ ತಳದಲ್ಲಿ ಭಕ್ಷಕಕೋಶಗಳು ಚಾಪೆಯಂತೆ ಹರಡಿಕೊಂಡಿರುತ್ತವೆ. ಅವುಗಳ ಮೇಲೆ ರೋಗಾಣುಗಳನ್ನು ಸುರಿದು ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡುತ್ತಾರೆ. ಕೆಲವು ಒಳಹೊಗುತ್ತವೆ, ಉಳಿದವು ಹೊರಗಿರುತ್ತವೆ. ಆಮೇಲೆ ತೊಳೆದು ಜೆಂಟಾಮೈಸಿನ್ ಹಾಕುತ್ತಾರೆ. ಈ ಔಷಧಕ್ಕೆ ಕೋಶದ ಗೋಡೆಯನ್ನು ದಾಟುವ ಶಕ್ತಿ ಬಹಳ ಕಡಿಮೆ. ಹೊರಗಿದ್ದವು ಸಾಯುತ್ತವೆ, ಒಳಹೊಕ್ಕವು ಉಳಿಯುತ್ತವೆ. ಎರಡು ಗಂಟೆಯ ಮೇಲೆ ಒಂದು ಬಟ್ಟಲು, ಒಂದು ದಿನದ ಮೇಲೆ ಇನ್ನೊಂದು, ಎರಡು ದಿನದ ಮೇಲೆ ಮತ್ತೊಂದು ತೆಗೆದು, ಮಂದವಾದ ಮಾರ್ಜಕದಿಂದ ಕೋಶಗಳನ್ನು ಒಡೆದು, ಒಳಗೆ ಎಷ್ಟು ಉಳಿದಿವೆಯೆಂದು ಅಗಾರಿನ ಮೇಲೆ ಎಣಿಸುತ್ತಾರೆ. ಬ್ರುಸೆಲ್ಲಾ ಮೊದಲ ಗಂಟೆಗಳಲ್ಲಿ ಬಹುಪಾಲು ಸಾಯುತ್ತದೆ. ತಪ್ಪಿಸಿಕೊಂಡ ಕೆಲವೇ ಕೆಲವು ಮರುದಿನದಿಂದ ಮನೆ ತುಂಬ ಹೆಚ್ಚುತ್ತವೆ. ಈ ಇಳಿತ ಏರಿಕೆಯಲ್ಲಿಯೇ ರೋಗದ ಸಾರವಿದೆ. 1999ರಲ್ಲಿ ಫ್ರಾನ್ಸಿನ ಸಂಶೋಧಕರು ಬ್ರುಸೆಲ್ಲಾದ ಒಂದು ಗುಂಪಿನ ವಂಶವಾಹಿಗಳನ್ನು ಕೆಡಿಸಿ, ಅವಿಲ್ಲದೆ ರೋಗಾಣು ಕೋಶದೊಳಗೆ ಬಾಳಲಾರದೆಂದು ತೋರಿಸಿದ್ದು ಇಂಥ ಬಟ್ಟಲುಗಳಲ್ಲಿ. ಒಂದೇ ಸೀಸೆಯ ಕೋಶಗಳನ್ನು ಹಲವು ಬಟ್ಟಲುಗಳಿಗೆ ಹಂಚಬಹುದು. ಇಷ್ಟೇ ಪ್ರಶ್ನೆಗಳನ್ನು ಪ್ರಾಣಿಗಳ ಮೇಲೆ ಕೇಳಿದ್ದರೆ ಎಷ್ಟು ಗೂಡುಗಳು ಬರಿದಾಗುತ್ತಿದ್ದುವೆಂದು ಹಿರಿಯರು ಯೋಚಿಸಲಿ.

ಪ್ರಾಣಿ ಯಾವಾಗಲೂ ನಿಜವನ್ನೇ ಹೇಳುತ್ತದೆಂಬ ನಂಬಿಕೆಯೂ ಪೊಳ್ಳು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿಯು ಸಾಧಾರಣ ಇಲಿಗೆ ಆ ರೋಗವನ್ನು ತರುವುದೇ ಇಲ್ಲ. ಆದುದರಿಂದ ಇಲಿಗೆ ಅದರ ದಾಯಾದಿಯಾದ ಟೈಫಿಮ್ಯೂರಿಯಂ ಕೊಟ್ಟು, ಇಲಿಯ ಟೈಫಾಯಿಡ್ ಎಂದು ಹೆಸರಿಟ್ಟು, ಮನುಷ್ಯನ ಟೈಫಾಯಿಡನ್ನು ಊಹಿಸಬೇಕಾಯಿತು. ಮನುಷ್ಯಕೋಶದ ಕೃಷಿಯಲ್ಲಿ ಮನುಷ್ಯನ ರೋಗಾಣುವನ್ನೇ ನೇರವಾಗಿ ನೋಡಬಹುದು. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಶಿಖಾ ಚಕ್ರವರ್ತಿಯವರ ಪ್ರಯೋಗಶಾಲೆಯು ಸಾಲ್ಮೊನೆಲ್ಲಾ ಕೋಶದೊಳಗೆ ಹೇಗೆ ಬಾಳುತ್ತದೆಂಬುದನ್ನು ವರ್ಷಗಳಿಂದ ಅಭ್ಯಸಿಸುತ್ತಿದೆ. ಕ್ಷಯದ ಕಥೆಯೂ ಇಂಥದೇ. 1960ರಲ್ಲಿ ಮಿಚಿಸನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ರೋಗಿಗಳ ಕ್ಷಯದಂಡಾಣುಗಳನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡಿದಾಗ, ಅವುಗಳಲ್ಲಿ ಬಹಳಷ್ಟು ಬ್ರಿಟಿಷ್ ರೋಗಿಗಳ ದಂಡಾಣುಗಳಿಗಿಂತ ಸೌಮ್ಯವಾಗಿ ಕಂಡವು. ಆ ಸೌಮ್ಯ ದಂಡಾಣುಗಳೇ ರೋಗಿಗಳ ಶ್ವಾಸಕೋಶವನ್ನು ತಿಂದಿದ್ದವು. ಗಿನಿಯಿಲಿ ಗಿನಿಯಿಲಿಯ ವಿಷಯ ಹೇಳಿತು, ಅಷ್ಟೆ.

ಬಟ್ಟಲು ಎಲ್ಲವನ್ನೂ ಹೇಳುತ್ತದೆಯೆ? ಇಲ್ಲ. ಬಟ್ಟಲಿಗೆ ಗರ್ಭವಿಲ್ಲ, ಜ್ವರವಿಲ್ಲ, ಒಂದು ಅಂಗ ಇನ್ನೊಂದಕ್ಕೆ ಕಳುಹಿಸುವ ಸಂದೇಶವಿಲ್ಲ. ಕ್ಷಯದ ಗಂಟು ಕಟ್ಟುವ ಕ್ರಮ ಒಂದು ಪದರದ ಕೋಶಗಳಲ್ಲಿ ಪೂರ್ಣವಾಗಿ ಕಾಣದು. ಲಸಿಕೆಯ ರಕ್ಷಣೆ ಎಷ್ಟು ಕಾಲ ಇರುತ್ತದೆಂಬುದನ್ನು ಅದು ಹೇಳಲಾರದು. ಅಹಿಂಸೆಯ ಹೆಸರಿನಲ್ಲಿ ಬಟ್ಟಲಿಗೆ ಇಲ್ಲದ ಶಕ್ತಿಯನ್ನು ಆರೋಪಿಸುವುದು ಸತ್ಯವ್ರತಕ್ಕೆ ಒಪ್ಪುವುದಲ್ಲ.

ಕಾನೂನು ಈ ವಿಷಯದಲ್ಲಿ ಏನನ್ನುತ್ತದೆ? 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 17ನೆಯ ಪ್ರಕರಣ ಎರಡು ಮಾತು ಹೇಳುತ್ತದೆ. ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬುದು ಒಂದು. ಚಿಕ್ಕ ಪ್ರಾಣಿಯಿಂದ ಅದೇ ಫಲ ದೊರೆಯುವಂತಿದ್ದರೆ ದೊಡ್ಡ ಪ್ರಾಣಿಯನ್ನು ಬಳಸಬಾರದೆಂಬುದು ಇನ್ನೊಂದು. ಮೊದಲನೆಯದಕ್ಕೆ ಯಾವ ಜೈನನೂ ಕೈಮುಗಿಯಬೇಕು. ಎರಡನೆಯದಕ್ಕೆ ತಲೆದೂಗುವಂತಿಲ್ಲ. ಕಾನೂನಿನ ತಕ್ಕಡಿ ಗಾತ್ರದ್ದು, ಜೈನ ದರ್ಶನದ ತಕ್ಕಡಿ ಇಂದ್ರಿಯಗಳದ್ದು. ಕುದುರೆಯೂ ಪಂಚೇಂದ್ರಿಯ, ಇಲಿಯೂ ಪಂಚೇಂದ್ರಿಯ. ಕುದುರೆಯನ್ನು ಬಿಟ್ಟು ಇಲಿಗಳನ್ನು ಹಿಡಿದರೆ ಒಂದರ ಬದಲು ಹಲವು ಪಂಚೇಂದ್ರಿಯ ಜೀವಗಳ ಘಾತವಾಯಿತು. ಖರ್ಚು ಇಳಿಯಿತು, ಹಿಂಸೆ ಏರಿತು. ಬಟ್ಟಲಿನ ಕೋಶಕ್ಕಾದರೋ ಕಣ್ಣಿಲ್ಲ, ಕಿವಿಯಿಲ್ಲ, ನರವಿಲ್ಲ, ಮನಸ್ಸಿಲ್ಲ. ಅದರಲ್ಲಿರುವ ಜೀವವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಶಾಸ್ತ್ರಜ್ಞರು ಚರ್ಚಿಸಲಿ. ಸಂಜ್ಞಿ ಪಂಚೇಂದ್ರಿಯವೆಂದು ಯಾರೂ ಹೇಳಲಾರರು. ಇಂದ್ರಿಯಗಳ ಮೆಟ್ಟಿಲಲ್ಲಿ ಕೆಳಗಿಳಿಯುವುದು ನಿಜವಾದ ಇಳಿಕೆ. ಶ್ರಾವಕನ ಅಣುವ್ರತ ಕೇಳುವುದು ತ್ರಸಜೀವಗಳ ಸಂಕಲ್ಪಹಿಂಸೆಯ ತ್ಯಾಗವನ್ನು. ಆ ದೃಷ್ಟಿಯಿಂದ ಜೀವಕೋಶ ಕೃಷಿಗೆ ಸಮಾಜದ ಬೆಂಬಲ ಸಲ್ಲಲೇಬೇಕು. 2023ರ ಮಾರ್ಚಿಯಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ಬಂದು, ಪ್ರಾಣಿಪ್ರಯೋಗದ ಸ್ಥಾನದಲ್ಲಿ ಕೋಶಗಳ ಮೇಲಿನ ಪರೀಕ್ಷೆಗಳನ್ನೂ ಒಪ್ಪಲು ದಾರಿಯಾಯಿತು. ಒಳ್ಳೆಯದೇ ಆಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಕಿರಿಯರ ಮಾತೇ ಗೆದ್ದಂತಾಗುತ್ತಿತ್ತು. ಆದರೆ ಬಟ್ಟಲಿನಲ್ಲಿರುವ ಆ ನಸುಗೆಂಪು ದ್ರವ ಏನು? ಅದರಲ್ಲಿ ಲವಣಗಳು, ಸಕ್ಕರೆ, ಅಮೈನೋ ಆಮ್ಲಗಳು, ಜೀವಸತ್ವಗಳು ಇವೆ. ಇಷ್ಟರಿಂದಲೇ ಹೆಚ್ಚಿನ ಕೋಶಗಳು ಬೆಳೆಯವು. ಅದಕ್ಕೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲು ಸೀರಂ ಬೆರೆಸುತ್ತಾರೆ. ಆ ಸೀರಂ ಹುಟ್ಟದ ಕರುವಿನ ರಕ್ತದ್ದು. ಕಸಾಯಿಖಾನೆಯಲ್ಲಿ ಗಬ್ಬದ ಹಸುವನ್ನು ಕಡಿದಾಗ ಗರ್ಭಕೋಶವನ್ನು ಬೇರ್ಪಡಿಸಿ, ಭ್ರೂಣವನ್ನು ಹೊರತೆಗೆದು, ಅದರ ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಹೀರುತ್ತಾರೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಈ ಸೀರಂ. ಒಂದು ಭ್ರೂಣದಿಂದ ಅದರ ವಯಸ್ಸನ್ನನುಸರಿಸಿ ಸುಮಾರು 150ರಿಂದ 550 ಮಿಲಿಲೀಟರ್ ದೊರೆಯುತ್ತದೆ. ಅರ್ಧ ಲೀಟರಿನ ಒಂದು ಸೀಸೆಯೆಂದರೆ ಒಂದು ಕರು, ಎರಡು ಕರು, ಕೆಲವೊಮ್ಮೆ ಮೂರು.

ಹಸುವಿಗೆ ಕಂದು ಹಾಕಿಸುವ ರೋಗಾಣುವನ್ನು ಅಭ್ಯಸಿಸಲು ಹಸುವಿನ ಗರ್ಭದಿಂದ ಕಿತ್ತ ಕಂದನ ರಕ್ತ. ಎರಡನೆಯ ಮಾತನ್ನಾಡುವವರು ಕಣ್ಣು ಮುಚ್ಚಿಕೊಂಡದ್ದು ಇಲ್ಲಿ.

ಅವರ ಉತ್ತರ ಸಿದ್ಧವಾಗಿದೆ. ಹಸುವನ್ನು ಕೊಂದದ್ದು ಮಾಂಸಕ್ಕಾಗಿ, ಸೀರಂ ಕೇವಲ ಉಪೋತ್ಪನ್ನ, ಬಿಸಾಡುವುದನ್ನು ಬಳಸಿದರೆ ಪಾಪವೇನು, ಎಂದು. ಈ ತರ್ಕವನ್ನು ಲೆಕ್ಕಪತ್ರ ಬಲ್ಲವರು ಒಪ್ಪಲಾರರು. ಯಶವಂತಪುರದ ಮಾರುಕಟ್ಟೆಯ ಯಾವ ಬೇಳೆ ವ್ಯಾಪಾರಿಯನ್ನು ಬೇಕಾದರೂ ಕೇಳಲಿ: ಹೊಟ್ಟು ನುಚ್ಚು ಮಾರಿ ಬಂದ ಹಣ ಎಲ್ಲಿಗೆ ಹೋಗುತ್ತದೆ? ಬೇಳೆಯ ಖರ್ಚಿನಿಂದ ಅಷ್ಟನ್ನು ಕಳೆಯುತ್ತಾರೆ. ಹೊಟ್ಟಿಗೆ ಒಳ್ಳೆಯ ಬೆಲೆ ಬಂದ ವರ್ಷ ಬೇಳೆಯನ್ನು ಅಗ್ಗವಾಗಿ ಮಾರಿಯೂ ಲಾಭ ಕಾಣಬಹುದು. ವೆಚ್ಚಲೆಕ್ಕದ ಮೊದಲ ಪಾಠಗಳಲ್ಲಿ ಇದೂ ಒಂದು. ಹಾಗೆಯೇ ಸೀರಮ್ಮಿನ ಹಣ ಕಸಾಯಿಖಾನೆಯ ಜಮೆಗೆ ಸೇರಿ ಮಾಂಸದ ಖರ್ಚನ್ನು ಇಳಿಸುತ್ತದೆ. ಬಿಸಾಡುವ ವಸ್ತುವಿಗೆ ಬೆಲೆಚೀಟಿ ಇರುವುದಿಲ್ಲ. ಇದಕ್ಕಾದರೋ ಪ್ರಯೋಗಶಾಲೆಯ ದುಬಾರಿ ಸಾಮಗ್ರಿಗಳ ಸಾಲಿನಲ್ಲಿ ಸ್ಥಾನವಿದೆ. ಎಷ್ಟು ದುಬಾರಿಯೆಂದರೆ ಕಲಬೆರಕೆಯೂ ನಡೆದಿದೆ: ಹುಟ್ಟದ ಕರುವಿನದೆಂದು ಚೀಟಿ ಹಚ್ಚಿ, ಬೆಳೆದ ದನದ ಪ್ರೋಟೀನು, ನೀರು ಬೆರೆಸಿ ಯುರೋಪಿನ ಒಂದು ಕಂಪನಿ ವರ್ಷಗಟ್ಟಲೆ ಮಾರಿದ್ದು 2013ರಲ್ಲಿ ಬಯಲಾಯಿತು.

ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಕಟುಕನದು ಕೃತ. ಮುಂಗಡ ಬೇಡಿಕೆ ಸಲ್ಲಿಸಿ ಕೊಳ್ಳುವವನದು ಕಾರಿತವಲ್ಲದೆ ಮತ್ತೇನು? ಆ ಪ್ರಯೋಗಶಾಲೆಗೆ ಉಪಕರಣ ದಾನಮಾಡಿ ಗೋಡೆಯ ಮೇಲೆ ಹೆಸರು ಕೆತ್ತಿಸಿಕೊಂಡು, ಸೀಸೆಯ ವಿಷಯ ಕೇಳದವನದು ಅನುಮೋದನ. ಇಲ್ಲಿ ಕರ್ನಾಟಕದ ಸ್ಥಿತಿ ಇನ್ನಷ್ಟು ವಿಚಿತ್ರ. 1964ರ ಕಾಯಿದೆಯೂ, ಅದರ ಸ್ಥಾನದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯಿದೆಯೂ ಗೋಹತ್ಯೆಯನ್ನು ನಿಷೇಧಿಸಿವೆ. ಆದರೆ ದಕ್ಷಿಣ ಅಮೆರಿಕದ್ದೆಂದೂ ಆಸ್ಟ್ರೇಲಿಯದ್ದೆಂದೂ ಚೀಟಿ ಹೊತ್ತ ಸೀಸೆಗಳು ಮಂಜುಗಡ್ಡೆಯಲ್ಲಿ ಪ್ರಯಾಣಮಾಡಿ ಬರುತ್ತವೆ. ಹಿಂಸೆಯನ್ನು ಆಮದು ಮಾಡಿಕೊಂಡರೆ ಅದು ಹಿಂಸೆಯಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಪ್ರಯೋಗಪ್ರಾಣಿಗಳ ಮೇಲ್ವಿಚಾರಣೆಗೆ ಸರ್ಕಾರದ ಸಮಿತಿ ಇದೆ, 1998ರ ನಿಯಮಗಳಿವೆ, ಪ್ರತಿ ಸಂಸ್ಥೆಯಲ್ಲಿಯೂ ನೈತಿಕ ಸಮಿತಿ ಇರಬೇಕು, ಒಂದೊಂದು ಇಲಿಗೂ ರಿಜಿಸ್ಟರಿನಲ್ಲಿ ಲೆಕ್ಕವಿರಬೇಕು. ಸೀರಮ್ಮಿನ ಸೀಸೆ ಯಾವ ನೈತಿಕ ಸಮಿತಿಯ ಮುಂದೆಯೂ ಬರುವುದಿಲ್ಲ. ಅದು ಖರೀದಿ ವಿಭಾಗದ ಮೂಲಕ, ಕೈಗವಸು, ಪ್ಲಾಸ್ಟಿಕ್ ನಳಿಗೆಗಳ ಜೊತೆಯಲ್ಲಿ, ಬಳಕೆ ಸಾಮಗ್ರಿ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಇಲಿ ಲೆಕ್ಕಕ್ಕುಂಟು, ಕರು ಲೆಕ್ಕಕ್ಕಿಲ್ಲ. ಲೆಕ್ಕ ತಪ್ಪಾಗಿ ಬರೆದದ್ದಕ್ಕಿಂತ ಶೀರ್ಷಿಕೆಯೇ ಇಲ್ಲದಿರುವುದು ದೊಡ್ಡ ದೋಷ. ಭ್ರೂಣಕ್ಕೆ ನೋವು ತಿಳಿಯುತ್ತದೆಯೋ ಇಲ್ಲವೋ ಎಂದು ವಿಜ್ಞಾನಿಗಳಲ್ಲಿ ಚರ್ಚೆಯಿದೆ. ಗರ್ಭಸ್ಥ ಜೀವವನ್ನು ಜೀವವೆಂದೇ ಎಣಿಸುವ ಸಮಾಜ ಆ ಚರ್ಚೆ ಮುಗಿಯಲೆಂದು ಕಾಯಬೇಕಿಲ್ಲ.

ಸೀರಂ ಅನಿವಾರ್ಯವೆನ್ನುವವರಿಗೆ ವಿಜ್ಞಾನದಿಂದಲೇ ಉತ್ತರವಿದೆ. ಸೀರಂ ಒಂದು ವಸ್ತುವಲ್ಲ, ನೂರಾರು ವಸ್ತುಗಳ ಅನಿಶ್ಚಿತ ಮಿಶ್ರಣ; ಒಂದು ತಂಡದಂತೆ ಇನ್ನೊಂದು ತಂಡ ಇರುವುದಿಲ್ಲ. ಆದ್ದರಿಂದಲೇ ಒಂದು ತಂಡ ಹೊಂದಿಕೊಂಡರೆ ಪ್ರಯೋಗಶಾಲೆಗಳು ಅದನ್ನೇ ಮುಂಗಡವಾಗಿ ಕಾದಿರಿಸಿಕೊಳ್ಳುತ್ತವೆ. ಕೋಶದೊಳಗಿನ ರೋಗಾಣುವನ್ನು ಅಭ್ಯಸಿಸುವವರಿಗೆ ಇದು ಇನ್ನೂ ದೊಡ್ಡ ತೊಡಕು. ಸೀರಮ್ಮಿನ ಕೆಲವು ಪ್ರೋಟೀನುಗಳು ರೋಗಾಣುವನ್ನು ನೇರವಾಗಿ ಕೊಲ್ಲಬಲ್ಲವು. ಅದಕ್ಕಾಗಿ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಪ್ರತಿಕಾಯಗಳು ಇದ್ದರೆ ರೋಗಾಣುವಿಗೆ ಅಂಟಿಕೊಂಡು, ಅದು ಕೋಶವನ್ನು ಹೊಗುವ ಬಾಗಿಲನ್ನೇ ಬದಲಾಯಿಸುತ್ತವೆ. ಹೊಕ್ಕ ಬಾಗಿಲು ಬದಲಾದರೆ ಒಳಗಿನ ಗತಿಯೂ ಬದಲಾಗಬಹುದು. ಎಂದ ಮೇಲೆ ಸೀರಂ ಇಲ್ಲದ, ಪ್ರತಿಯೊಂದು ಘಟಕವೂ ಗೊತ್ತಿರುವ ಮಾಧ್ಯಮ ಧರ್ಮಕ್ಕೆ ಮಾತ್ರವಲ್ಲ, ನಿಖರತೆಗೂ ಹಿತ. ಎಷ್ಟೋ ಬಗೆಯ ಕೋಶಗಳಿಗೆ ಅಂಥ ಮಾಧ್ಯಮಗಳು ಈಗಲೇ ದೊರೆಯುತ್ತವೆ.

ಇನ್ನೊಂದು ದಾರಿ ಜೈನ ಸಮಾಜದ ಕೈಗೆ ನೇರವಾಗಿ ಎಟಕುವಂಥದು. ರಕ್ತದಾನ ಶಿಬಿರಗಳನ್ನು ಈ ಸಮಾಜದ ಸಂಘಗಳು ನಡೆಸುತ್ತಲೇ ಬಂದಿವೆ. ದಾನದ ರಕ್ತದಿಂದ ಬೇರ್ಪಡಿಸಿದ ಕಿರುಬಿಲ್ಲೆಗಳನ್ನು, ಎಂದರೆ ಪ್ಲೇಟ್‌ಲೆಟ್‌ಗಳನ್ನು, ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಅವಧಿ ಮೀರಿದರೆ ನಾಶಮಾಡುತ್ತಾರೆ. ಅವನ್ನು ಹೆಪ್ಪುಗಟ್ಟಿಸಿ ಕರಗಿಸಿ ಒಡೆದರೆ ಒಳಗಿನ ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ಆ ಸಾರವನ್ನು ಹಲವು ಕೋಶಗಳ ಕೃಷಿಯಲ್ಲಿ ಕರುವಿನ ಸೀರಮ್ಮಿನ ಬದಲಿಗೆ ಬಳಸಲಾಗುತ್ತಿದೆ. ಕಸಿದ ರಕ್ತದ ಸ್ಥಾನದಲ್ಲಿ ಕೊಟ್ಟ ರಕ್ತ. ಇಲ್ಲಿಯೂ ಎಚ್ಚರ ಬೇಕು: ಈ ಸಾರ ಗರಣೆಗಟ್ಟದಿರಲೆಂದು ಸೇರಿಸುವ ಹೆಪಾರಿನ್ ಹಂದಿಯ ಕರುಳಿನದು, ಫೈಬ್ರಿನೋಜನ್ ತೆಗೆದ ಸಾರಕ್ಕೆ ಅದು ಬೇಕಿಲ್ಲ. ಕೋಶಗಳನ್ನು ಬಟ್ಟಲಿನಿಂದ ಬಿಡಿಸುವ ಟ್ರಿಪ್ಸಿನ್ ಕೂಡ ಬಹುಕಾಲ ಹಂದಿಯದೇ ಆಗಿತ್ತು. ಈಗ ಪ್ರಾಣಿಮೂಲವಲ್ಲದ್ದೂ ಸಿಗುತ್ತದೆ. ಕೇಳಿ ಕೊಳ್ಳಬೇಕು, ಅಷ್ಟೆ.

ಈ ಬದಲಾವಣೆಗೆ ವಿಜ್ಞಾನಿಗಳು ವಿರೋಧಿಗಳಲ್ಲ. ಅವರಿಗೆ ಬಿಡುವಿಲ್ಲ, ಹಣವಿಲ್ಲ. ಹತ್ತು ಪಾಲು ಸೀರಮ್ಮಿಗೆ ಒಗ್ಗಿದ ಕೋಶಗಳನ್ನು ಐದಕ್ಕೆ, ಐದರಿಂದ ಎರಡೂವರೆಗೆ, ಆಮೇಲೆ ಸೊನ್ನೆಗೆ ಇಳಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಇಳಿಸಿದ ಮೇಲೆ, ಅದೇ ಕೋಶಗಳು ರೋಗಾಣುವನ್ನು ಮೊದಲಿನಂತೆಯೇ ನುಂಗುತ್ತವೆಯೆ, ಹಳೆಯ ಎಣಿಕೆಯೂ ಹೊಸ ಎಣಿಕೆಯೂ ತಾಳೆಯಾಗುತ್ತವೆಯೆ ಎಂದು ಪ್ರಯೋಗವನ್ನೆಲ್ಲ ಮತ್ತೊಮ್ಮೆ ಮಾಡಿ ನೋಡಬೇಕು. ಹೊಸ ಸಂಗತಿಯನ್ನು ಕಂಡುಹಿಡಿಯದ ಈ ಕೆಲಸಕ್ಕೆ ಅನುದಾನ ಕೊಡಲು ಯಾರಿಗೂ ಉತ್ಸಾಹವಿರುವುದಿಲ್ಲ, ಇದರಿಂದ ಯಾರಿಗೂ ಹೆಸರು ಬರುವುದಿಲ್ಲ. ಗೋಡೆಯ ಮೇಲೆ ಹೆಸರು ಬೇಡವೆನ್ನುವ ದಾನಿಗೆ ಇದಕ್ಕಿಂತ ತಕ್ಕ ಕೆಲಸವಿಲ್ಲ.

ಆದುದರಿಂದ ಬೆಂಗಳೂರಿನ ಜೈನ ಟ್ರಸ್ಟುಗಳ ಮುಂದಿರುವ ಪ್ರಶ್ನೆ ಪ್ರಯೋಗಶಾಲೆ ಬೇಕೋ ಬೇಡವೋ ಎಂಬುದಲ್ಲ. ಸಂಶೋಧನೆಗೆ ದಾನ ಕೊಡುವಾಗ, ವರ್ಷಕ್ಕೆ ಎಷ್ಟು ಲೀಟರ್ ಕರುವಿನ ಸೀರಂ ಬಳಕೆಯಾಯಿತು, ಹಿಂದಿನ ವರ್ಷಕ್ಕಿಂತ ಎಷ್ಟು ಇಳಿಯಿತು ಎಂಬ ಒಂದು ಸಾಲನ್ನು ವರದಿಯಲ್ಲಿ ಕೇಳುತ್ತಾರೆಯೆ? ಶಿಬಿರದ ರಕ್ತವನ್ನು ಒಯ್ಯುವ ರಕ್ತನಿಧಿಯನ್ನು, ಆರನೆಯ ದಿನದ ಕಿರುಬಿಲ್ಲೆಗಳು ಎಲ್ಲಿಗೆ ಹೋಗುತ್ತವೆಂದು ವಿಚಾರಿಸುತ್ತಾರೆಯೆ? ಹೆಬ್ಬಾಳದಲ್ಲಾಗಲಿ ಯಲಹಂಕದಲ್ಲಾಗಲಿ ಒಂದು ಪ್ರಯೋಗಶಾಲೆ ತನ್ನ ಭಕ್ಷಕಕೋಶಗಳನ್ನು ಸೀರಮ್ಮಿನಿಂದ ಬಿಡಿಸಲು ಒಪ್ಪಿದರೆ, ಅದಕ್ಕೆ ತಗಲುವ ಅಷ್ಟು ತಿಂಗಳುಗಳ ಒಬ್ಬ ಸಂಶೋಧನಾ ಸಹಾಯಕನ ಸಂಬಳವನ್ನೂ ಹೊಸ ಮಾಧ್ಯಮದ ಖರ್ಚನ್ನೂ ಹೊರುವ ಟ್ರಸ್ಟು ಯಾವುದು? ಬರುವ ಮಹಾವೀರ ಜಯಂತಿಯೊಳಗೆ ಒಂದಾದರೂ ಮುಂದೆ ಬರಲಿ.